ಬೆಳಕು ತಡೆಯದ ರೇಷ್ಮೆ

ನನ್ನ ಹಳೆಯ ಡೈರಿಯಲ್ಲಿ ೧೯೪೮ರ ಡಿಸೆಂಬರ್ ನಾಲ್ಕರಂದು "ಕ್ಯಾಮೆರಾ ಸರಿಯಾಯಿತು" ಎಂದು ಬರೆದಿದ್ದೇನೆ. ಅದು ಸುಳ್ಳು.

ರಜಾಕಾರರ ಹೆದರಿಕೆಗೆ ಕ್ಯಾಮೆರಾವನ್ನು ಮಕ್ತಲಿನ ಮನೆಯ ನೆಲದಡಿಯ ಜೋಳದ ಹಗೇವಿನಲ್ಲಿ ಹೂತಿಟ್ಟಿದ್ದೆವು. ಪೊಲೀಸ್ ಆ್ಯಕ್ಷನ್ ಆದ ಮೇಲೆ ತೆಗೆದರೆ, ಫಿಲ್ಮಿನ ಮುಂದೆ ಸರಿದಾಡುವ ಕಪ್ಪು ಬಟ್ಟೆಯ ಪರದೆ ಬಿರಿದಿತ್ತು. ಹಾಸಿಗೆ ಹಿಡಿದಿದ್ದ ಅತ್ತೆಯವರದು ಒಂದು ಫೋಟೊವೂ ಇರಲಿಲ್ಲ. ಹೊಸ ಪರದೆಗೆಂದು ಗದ್ವಾಲದ ನೇಕಾರ ನರಸಪ್ಪನಿಂದ ಕಪ್ಪು ರೇಷ್ಮೆ ನೇಯಿಸಿದೆ. ಕೊಡುವಾಗ ಅವನು ಅನುಮಾನಿಸಿದ.

"ಅವ್ವಾರೆ, ನಮ್ಮ ನೇಯ್ಗಿ ಮೈಗೆ ಗಾಳಿ ಆಡ್ಲಿ ಅಂತ ಮಾಡೋದು. ಬೆಳಕು ತಡಿಯಾಕ ಅಲ್ರಿ. ಹೈದರಾಬಾದಿಗೆ ಕಳಸ್ರಿ, ರಬ್ಬರ್ ಹಚ್ಚಿದ ಬಟ್ಟಿ ಹಾಕ್ತಾರ."

"ಕಾಲೇಜಿನ್ಯಾಗ ಬೆಳಕಿನ ಪಾಠಾನೇ ಓದೀನಿ, ನರಸಪ್ಪ."

"ಓದೀರಿ ಬಿಡ್ರಿ. ಒಮ್ಮೆ ಬಿಸಿಲಿಗೆ ಹಿಡಿದು ನೋಡ್ರಿ."

ನೋಡಲಿಲ್ಲ. ನೋಡಿದ್ದರೆ ಅವನ ಮಾತು ಕೇಳಿದಂತಾಗುತ್ತಿತ್ತು.

ಪರದೆಯನ್ನು ನಾನೇ ಅಂಟಿಸಿ, ಅತ್ತೆಯವರನ್ನು ದಿಂಬಿಗೆ ಒರಗಿಸಿ ಕೂರಿಸಿದೆ. "ನಗಬೇಕೇನವಾ?" ಎಂದು ಕೇಳಿದರು.

ಫಿಲ್ಮು ತೊಳೆಸಿ ತರಿಸುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಬೆಳಕು ನುಗ್ಗಿ ಇಡೀ ರೋಲು ಕಪ್ಪಾಗಿತ್ತು. ನರಸಪ್ಪ ಕೂಲಿ ಬೇಡವೆಂದ. ಹಾಗಾಗಿ ಹೋದದ್ದು ಒಂದು ರೋಲು ಫಿಲ್ಮು ಮತ್ತು ಅತ್ತೆಯವರ ಮುಖ. ಮೊಮ್ಮಕ್ಕಳು ಕೇಳಿದರೆ ಬಾಯಲ್ಲಿ ಹೇಳುತ್ತೇನೆ. ಪ್ರತಿ ಸಲ ಮೂಗು ಸ್ವಲ್ಪ ಬೇರೆಯಾಗುತ್ತದೆ.