ದೊರಮ್ಮ ಟೀಚರಿಗೆ ನಾವು ಕಲಿಸಿದ ಕನ್ನಡ

ಹೇಗೆ ನಂಬಲಿ...
ನೂರು ದಾಟಿದ್ದರೂ ಹೋದ ತಿಂಗಳು ತಾನೇ ವಿಡಿಯೋ ಕಾಲ್‌ನಲ್ಲಿ ಬಂದು, ನಿನ್ನ ಕನ್ನಡಕ ಸೊಟ್ಟಗಿದೆ ಎಂದು ಗದರಿದ್ದರು.
ಇವತ್ತು ಬೆಳಿಗ್ಗೆ ಅವರ ತಮ್ಮನ ಮೊಮ್ಮಗಳ ಮೆಸೇಜು.
ಡೋರಾ ಟೀಚರ್ ಇಲ್ಲ...

ಸುಳ್ಳು ಸುದ್ದಿ ಎಂದು ಫೋನನ್ನು ಮಂಚದ ಮೇಲೆ ಎಸೆದೆ.
ಮತ್ತೆ ಎತ್ತಿಕೊಂಡು ಓದಿದೆ. ಅದೇ ಇತ್ತು.

ಕೆಳಗೆ ಆರ್‌ಐಪಿ ಎಂದು ಮೂರಕ್ಷರ ಒತ್ತಿ ಓಡಬೇಡಿ. ಮೊದಲು ಪೂರ್ತಿ ಓದಿ.
ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪು ಹುಡುಕುವವರನ್ನು ಬ್ಲಾಕ್ ಮಾಡುತ್ತೇನೆ.

ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು.
ತಾಯಲೂರಿನ ನಮ್ಮ ಮನೆಯ ಮುಂದಿನ ಕೋಣೆಗೆ ಟೀಚರ್ ಬಾಡಿಗೆಗೆ ಬಂದರು.
ಸ್ಕಾಟ್ಲೆಂಡಿನವರು, ಇಪ್ಪತ್ತನಾಲ್ಕು ವರ್ಷ. ಸಿಲೋನಿನಲ್ಲಿ ಒಂದು ವರ್ಷ ಇಂಗ್ಲಿಷ್ ಪಾಠ ಹೇಳಿ, ಹಡಗು, ರೈಲು, ಎತ್ತಿನ ಗಾಡಿ ಎಲ್ಲ ಹತ್ತಿಳಿದು ನಮ್ಮ ಕಡೆಯ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದರು.
ಡೋರಾ ಊರಿನವರ ಬಾಯಲ್ಲಿ ದೊರಮ್ಮ ಆದರು.

ನನಗೆ ಹದಿಮೂರು. ಮೇಷ್ಟ್ರು ಕಿವಿ ಹಿಂಡಿದರು ಎಂದು ನಾಲ್ಕನೇ ಕ್ಲಾಸಿನಲ್ಲೇ ಸ್ಲೇಟು ಎಸೆದು ಮನೆಗೆ ಬಂದವಳು.
ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ.

ಟೀಚರ್ ಕೆಲಸಕ್ಕೆ ಒಂದು ಷರತ್ತಿತ್ತು.
ವರ್ಷದೊಳಗೆ ಕೋಲಾರದಲ್ಲಿ ಒಬ್ಬ ಪಂಡಿತರ ಮುಂದೆ ಕೂತು ಕನ್ನಡ ಮಾತಾಡಿ ಪಾಸಾಗಬೇಕು. ಇಲ್ಲದಿದ್ದರೆ ಕೆಲಸ ಹೋಯಿತು... ಮದ್ರಾಸಿಗೆ ಹೋಗಿ ವಾಪಸ್ ಹಡಗು ಹತ್ತಬೇಕು.
ಕಲಿಸುವವರು ಯಾರು? ನಾನು ಮತ್ತು ನಮ್ಮ ಅಜ್ಜಿ. ಅಜ್ಜಿಯನ್ನು ನಾವು ಅವ್ವ ಎನ್ನುತ್ತಿದ್ದೆವು.

ಎಂಟು ತಿಂಗಳು ಕಲಿಸಿದೆವು.
ಒಲೆ ಮುಂದೆ, ರಾಗಿಕಲ್ಲಿನ ಮುಂದೆ, ಕೊಟ್ಟಿಗೆಯಲ್ಲಿ...
ಅವ್ವ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಬದಲಿಗೆ ನನಗೆ ಇಂಗ್ಲಿಷ್ ಹೇಳಿಕೊಟ್ಟರು. ಕಿವಿ ಹಿಂಡಲಿಲ್ಲ.

ಶನಿವಾರ ನನ್ನನ್ನೂ ಕರೆದುಕೊಂಡು ತಿರುಗಾಟ. ಮುಳಬಾಗಿಲು, ಶ್ರೀನಿವಾಸಪುರ, ಒಮ್ಮೆ ಮಾಲೂರಿನ ತನಕ.
ಪೆಟ್ರೋಲ್ ಸಿಗದ ಕಾಲ. ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದರೆ ಜನ ಇಳಿದು ತಳ್ಳಬೇಕು.
ದೊರೆಸಾನಿಯವರು ಕೂತಿರಲಿ ಎಂದು ಕಂಡಕ್ಟರ್ ಬೇಡಿಕೊಂಡರೂ ಇವರೇ ಮೊದಲು ಇಳಿಯುತ್ತಿದ್ದರು.
ಬಿಳಿ ಫ್ರಾಕಿನ ತುಂಬ ಮಸಿ...

ಪರೀಕ್ಷೆಯ ದಿನ ಜೊತೆಗೆ ಹೋದವಳು ನಾನೇ.
ಬೆಳಿಗ್ಗೆ ಏನು ತಿಂದಿರಿ ಎಂದು ಪಂಡಿತರು ಕೇಳಿದರು. ಟೀಚರ್ ಒಂಚೂರೂ ತಡವರಿಸಲಿಲ್ಲ.
"ಸಂಗಟಿ ತಿಂಟಿನಿ. ಚಾನಾ ಬಾಗುಂಡೆ."
ಮುದ್ದೆ ತಿಂದೆ, ತುಂಬಾ ಚೆನ್ನಾಗಿತ್ತು ಎಂದು. ನನ್ನ ಎದೆ ಉಬ್ಬಿತು.
ಪಂಡಿತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
"ತಾಯಿ, ಬಹಳ ಚೆನ್ನಾಗಿ ಮಾತಾಡಿದಿರಿ. ಆದರೆ ಇದು ತೆಲುಗು."

ನಮ್ಮ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗಿತ್ತು. ಯಾವುದು ಯಾವುದೆಂದು ನಮಗೇ ಗೊತ್ತಿರಲಿಲ್ಲ.
ನನಗೆ ಸಿಟ್ಟು ನೆತ್ತಿಗೇರಿತು.
"ನಮ್ಮನೇಲಿ ಹಿಂಗೇ ಮಾತಾಡೋದು ಸ್ವಾಮಿ. ಕಲಿಸ್ದೋಳು ನಾನು, ನನ್ನ ಫೇಲ್ ಮಾಡಿ."
ಪಂಡಿತರು ನಕ್ಕು ಒಂದು ತಿಂಗಳ ಗಡುವು ಕೊಟ್ಟರು. ಆಮೇಲೆ ಮಾಫಿ ಇಲ್ಲ ಎಂದರು.

ಟೀಚರಮ್ಮ... ಆ ತಿಂಗಳು ನಿಮಗೆ ನೆನಪಿತ್ತಾ?

ಇವತ್ತಿನಿಂದ ಈ ಮನೆಯಲ್ಲಿ ತೆಲುಗು ಆಡಿದವರಿಗೆ ಊಟ ಇಲ್ಲ ಎಂದು ಅವ್ವ ಅಪ್ಪಣೆ ಮಾಡಿದಳು.
ಅದನ್ನೂ ತೆಲುಗಿನಲ್ಲೇ ಮಾಡಿದಳು.
ಅರವತ್ತು ವರ್ಷ ಬಯ್ದ ಭಾಷೆ ಅದು... ಬಿಡೋದು ಸುಲಭವಾ?
ನಾನು ಅಕ್ಕಪಕ್ಕದವರನ್ನು ಕೇಳಿ ಕನ್ನಡದ ಮಾತು ತರುತ್ತಿದ್ದೆ. ನೀವಿಬ್ಬರೂ ಒಲೆ ಮುಂದೆ ಕೂತು ಒಟ್ಟಿಗೆ ಒಪ್ಪಿಸುತ್ತಿದ್ದಿರಿ.
ಅವ್ವನಿಗೆ ಸಿಟ್ಟು ಬಂದರೆ ಬಾಯಿ ಬಿಗಿಹಿಡಿದು ಕೊಟ್ಟಿಗೆಗೆ ಹೋಗಿ, ಎಮ್ಮೆಗೆ ತೆಲುಗಿನಲ್ಲಿ ಚೆನ್ನಾಗಿ ಬಯ್ದು, ಒಳಗೆ ಬಂದು ನಿಮ್ಮ ಹತ್ತಿರ ಕನ್ನಡ ಮಾತಾಡುತ್ತಿದ್ದಳು.
ಆ ಎಮ್ಮೆಯ ತಾಳ್ಮೆ ನನಗೆ ಈ ವಯಸ್ಸಿಗೂ ಬಂದಿಲ್ಲ.

ಎರಡನೇ ಸಲ ಪಂಡಿತರು ಕೇಳಿದರು, ಇಷ್ಟು ಬೇಗ ಕನ್ನಡ ಕಲಿಸಿದವರು ಯಾರು ಎಂದು.
ನೀವು ಹೇಳಿದ್ದು ನನ್ನ ಕಿವಿಯಲ್ಲೇ ಇದೆ.
"ಒಬ್ಬಳು ಶಾಲೆ ಬಿಟ್ಟ ಹುಡುಗಿ. ಇನ್ನೊಬ್ಬಳು ಕನ್ನಡ ಬಾರದ ಅವ್ವ."
ಪಾಸು...

ಮೂರು ವರ್ಷ ನಮ್ಮಲ್ಲೇ ಉಳಿದಿರಿ. ಆಮೇಲೆ ಮಲಯ, ಸಯಾಮ್, ಜಪಾನ್...
ಎಲ್ಲಿ ಹೋದರೂ ಒಬ್ಬ ಮುದುಕಿಯ ಅಡುಗೆಮನೆ ಹುಡುಕಿಕೊಂಡಿರಿ. ಅಲ್ಲಿ ಕೂತು ಮೊದಲು ಕೇಳುವ ಪ್ರಶ್ನೆ, ಅಮ್ಮಾ, ಇದು ಯಾವ ಭಾಷೆ ಎಂದು... ಪ್ರತಿ ಕಾರ್ಡಿನಲ್ಲೂ ಬರೆದು ನನ್ನನ್ನು ಚುಡಾಯಿಸುತ್ತಿದ್ದಿರಿ.
ಚುಡಾಯಿಸಿ. ನನಗೇನು ನಾಚಿಕೆ?
ಅರ್ಧ ಏಷ್ಯಾಕ್ಕೆ ಇಂಗ್ಲಿಷ್ ಕಲಿಸಿದ ಟೀಚರಿಗೆ ಟೀಚರ್ ನಾನು. ನಾಲ್ಕನೇ ಕ್ಲಾಸೂ ಮುಗಿಸದವಳು.

ಮೆಸೇಜಿನ ಜೊತೆ ಹುಡುಗಿ ಒಂದು ವಾಯ್ಸ್ ಕ್ಲಿಪ್ಪನ್ನೂ ಕಳಿಸಿದ್ದಾಳೆ.
ಕೊನೆಗೆ ಏನೋ ಅಂದರು, ನಮಗ್ಯಾರಿಗೂ ತಿಳಿಯಲಿಲ್ಲ, ಇದು ನಿಮ್ಮ ಕನ್ನಡವಾ ಎಂದು ಕೇಳಿದ್ದಾಳೆ.

ಕಿವಿಗೆ ಒತ್ತಿ ಹಿಡಿದು ಕೇಳಿದೆ... ಸಣ್ಣ ದನಿ.
"ಚಾನಾ ಬಾಗುಂಡೆ."

ಹೌದಮ್ಮ, ಕನ್ನಡವೇ, ತುಂಬಾ ಚೆನ್ನಾಗಿತ್ತು ಅಂತ ಅರ್ಥ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.
ತಪ್ಪು ಹಿಡಿಯಲು ಪಂಡಿತರೂ ಈಗ ಇಲ್ಲ.

ಹೋಗಿ ಬನ್ನಿ ಟೀಚರಮ್ಮ...
ಅವ್ವ ಅಲ್ಲೂ ಒಲೆ ಮುಂದೆ ಮಣೆ ಹಾಕಿಟ್ಟಿರುತ್ತಾಳೆ. ಯಾವ ಭಾಷೆಯಲ್ಲಾದರೂ ಮಾತಾಡಿಕೊಳ್ಳಿ.
ನಿಮ್ಮ ಜೀವ ತಣ್ಣಗಿರಲಿ. 🙏