ಗಂಟಲಪ್ಪ ತನ್ನನ್ನೇ ಕೂಗಿದ ದಿನ

ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನನಿಗೆ ನಾವು ಗುಮಾಸ್ತರು ಇಟ್ಟ ಹೆಸರು ಗಂಟಲಪ್ಪ. ಅವನು ಬಾಯಿಬಿಟ್ಟರೆ ಕ್ಯಾಂಟೀನಿನಲ್ಲಿ ವಕೀಲರ ಕೈಯ ಟೀ ತುಳುಕುತ್ತಿತ್ತು. ಜಾಮೀನು ಸಿಕ್ಕವರು, ಕೊಟ್ಟವನು ಅವನೇ ಎಂಬಂತೆ ಅವನನ್ನು ಎತ್ತಿಕೊಂಡು ಕುಣಿದದ್ದೂ ಉಂಟು. ಮನೆಯಲ್ಲೂ ಅದೇ ಚಾಳಿ. ಹೆಂಡತಿ-ಮಕ್ಕಳನ್ನು ಊಟಕ್ಕೆ ಮೂರು ಸಲ ಕೂಗಿ, ಬರದಿದ್ದರೆ "ಗೈರುಹಾಜರು" ಎಂದು ಒಬ್ಬನೇ ಉಣ್ಣಲು ಕೂರುತ್ತಿದ್ದ.

ಇಂಥವನು ಎರಡು ಮನೆಗಳ ನಡುವಿನ ಗೋಡೆಗಾಗಿ ಅಣ್ಣನ ಮೇಲೆ ದಾವೆ ಹೂಡಿ, ಸೋತು, ಅಪೀಲು ಹಾಕಿದ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ವಿಚಾರಣೆಯ ದಿನ ಕೂಗುವ ಪಾಳಿಯೂ ಅವನದೇ. ಅಭ್ಯಾಸಬಲದಿಂದ ತನ್ನ ಹೆಸರನ್ನೇ ಮೂರು ಸಲ ಕೂಗಿದ, ಮೊಗಸಾಲೆಯ ಉದ್ದಕ್ಕೂ ಕಣ್ಣು ಹಾಯಿಸಿದ, ಒಳಬಂದು ಕೈಮುಗಿದ.

"ಯಾರೂ ಬಂದಿಲ್ಲ, ಸ್ವಾಮಿ."

"ಹಾಗಾದ್ರೆ ಅಪೀಲು ವಜಾ" ಎಂದು ಹೊಸ ನ್ಯಾಯಾಧೀಶರು ಪೆನ್ನೆತ್ತಿದರು.

ಬೆಂಚಿನಲ್ಲಿದ್ದ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಾ ಎದ್ದ. "ಬರೀಬೇಡಿ ಸ್ವಾಮಿ! ಕೂಗಿದವನೇ ಅವನು, ನನ್ನ ತಮ್ಮ. ಚಿಕ್ಕಂದಿನಿಂದ್ಲೂ ಹೀಗೇ, ನಾನು ಕರೆದ್ರೆ ಮಾತ್ರ ಓಗೊಡೋದು. ಲೋ ತಮ್ಮಾ!"

"ಬಂದೆ, ಅಣ್ಣಾ!" ಎಂದ ಗಂಟಲಪ್ಪ, ಕಿಟಕಿಯ ಗಾಜು ನಡುಗುವ ಹಾಗೆ.