ಸೈಕಲ್ ಕಡ್ಡಿಗೆ ಸಿಕ್ಕ ಹಿಮ್ಮಡಿ

1963ರಲ್ಲಿ ನಾನು ದಾಂಡೇಲಿಯ ಬಜಾರಿನಲ್ಲಿ ಎರಡು ಕೋಣೆಯ ದವಾಖಾನೆ ನಡೆಸುತ್ತಿದ್ದೆ. ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷವಾಗಿತ್ತು, ವಯಸ್ಸು ಇಪ್ಪತ್ತೆಂಟು. ಊರವರು ನನ್ನನ್ನು ‘ಡಾಕ್ಟರ್ ಬಾಯಾರು’ ಎನ್ನುತ್ತಿದ್ದರು. ನನ್ನ ಕೈಗೆ ಒಳ್ಳೆಯ ಹೆಸರಿತ್ತು, ನಾಲಿಗೆಗೆ ಇರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಹಿಂದೆ ಮುಂದೆ ಒಂದೇ ಥರ ಕಾಣುವ ಹಾಗೆ ಕಸೂತಿ ಹಾಕುತ್ತಿದ್ದಳು. ಆ ಕೈ ನನಗೂ ಬಂದಿದೆ ಎಂಬ ಜಂಬ ನನಗಿತ್ತು. ನಾನು ಹಾಕಿದ ಹೊಲಿಗೆ ನೋಡಿ ಬೇರೆ ಡಾಕ್ಟರರು ಹೊಗಳಿದರೆ ಎರಡು ದಿನ ಅದೇ ಗುಂಗಿನಲ್ಲಿರುತ್ತಿದ್ದೆ.

ದಾಂಡೇಲಿ ಆಗ ಗಿರಣಿಗಳಿಂದ ದಿನದಿನಕ್ಕೆ ಬೆಳೆಯುತ್ತಿತ್ತು. ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಹಳ್ಳಿಗಳಿಂದ ಕೆಲಸಕ್ಕೆ ಬಂದವರಿಗೆ ಅದೇ ದೊಡ್ಡ ಶಹರ. ಶಹರಕ್ಕೆ ಬಂದದ್ದಕ್ಕೆ ಗುರುತು ಒಂದು ಸೈಕಲ್. ರವಿವಾರ ಊಟವಾದ ಮೇಲೆ ಗಂಡ ಪೆಡಲ್ ತುಳಿಯುತ್ತಿದ್ದ. ಮುಂದಿನ ದಂಡದ ಮೇಲೆ ಟವೆಲ್ ಸುತ್ತಿ ಕೂರಿಸಿದ ಕೂಸು, ಹಿಂದೆ ಕ್ಯಾರಿಯರ್ ಮೇಲೆ ಹೆಂಡತಿ, ಹ್ಯಾಂಡಲ್ಲಿಗೆ ಚುರುಮುರಿಯ ಚೀಲ. ಹೀಗೆ ನಾಲ್ಕಾರು ಮನೆಯವರು ಒಟ್ಟಿಗೆ ಗಂಟೆ ಬಾರಿಸುತ್ತ ಮೌಳಂಗಿಯ ಹೊಳೆದಂಡೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಅವರನ್ನು ನೋಡುವುದು ನನಗೂ ಒಂದು ಸಂತೋಷ.

ತೇರಗಾಂವದಿಂದ ಬಂದು ಕಾಗದದ ಗಿರಣಿ ಸೇರಿದ್ದ ಈರಪ್ಪನ ಸಂಸಾರ ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಅವನ ಹೆಂಡತಿ ನೀಲವ್ವ ತಾನೇ ಸೈಕಲ್ ಹೊಡೆಯುತ್ತಿದ್ದಳು. ಈರಪ್ಪನೇ ಕಲಿಸಿ, ಹಳೆಯದೊಂದು ಲೇಡೀಸ್ ಸೈಕಲ್ಲನ್ನೂ ತಂದುಕೊಟ್ಟಿದ್ದ. ಸೆರಗು ಬಿಗಿದು ಅವಳು ಸೈಕಲ್ ಹತ್ತಿದರೆ ಬಜಾರೇ ತಿರುಗಿ ನೋಡುತ್ತಿತ್ತು. ಅತ್ತೆ ಗಂಗವ್ವನಿಗೆ ಮಾತ್ರ ಅದು ಕಣ್ಣಲ್ಲಿ ಕಸ ಬಿದ್ದ ಹಾಗೆ. ಸೊಸೆ ಕೈಕಾಲು ಮುರಿದುಕೊಳ್ಳುವ ದಿನವನ್ನೇ ಆಕೆ ಕಾಯುತ್ತಿದ್ದಳು ಎಂದು ಆಗ ನಾನೇ ಚೇಷ್ಟೆ ಮಾಡಿದ್ದುಂಟು.

ಜನವರಿಯ ಒಂದು ರವಿವಾರ ಸಂಜೆ ನಾಲ್ಕರ ಸುಮಾರಿಗೆ ಈರಪ್ಪ ಮಗಳನ್ನು ಹೊತ್ತುಕೊಂಡು ಓಡಿ ಬಂದ. ಹುಡುಗಿಯ ಹೆಸರು ಕಸ್ತೂರಿ, ಆರು ವರ್ಷ. ಅವ್ವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಫೆಲ್ಟಿನ ಮಡಿಕೆ ಹಾಕಿಕೊಂಡು ಕೂತಿದ್ದಳಂತೆ. ಕಾಗದ ಮಾಡುವ ಯಂತ್ರದಲ್ಲಿ ಸವೆದು ಹೋದ ದಪ್ಪ ಉಣ್ಣೆಯ ಬಟ್ಟೆಗೆ ಫೆಲ್ಟ್ ಎನ್ನುತ್ತಾರೆ. ಕೆಲಸಗಾರರ ಮನೆಯಲ್ಲಿ ಅದು ಹಾಸಲಿಕ್ಕೂ ಹೊದೆಯಲಿಕ್ಕೂ ಆಗುತ್ತಿತ್ತು. ಎದುರಿಗೆ ಬಿದಿರಿನ ಲಾರಿ ಬಂದಾಗ ಹುಡುಗಿ ಹೆದರಿ ಕಾಲು ಒಳಗೆ ಎಳೆದುಕೊಂಡಿದ್ದಳು. ಬಲ ಹಿಮ್ಮಡಿ ತಿರುಗುವ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತ್ತು.

ಎಲುಬು ಮುರಿದ ಲಕ್ಷಣ ಇರಲಿಲ್ಲ. ಹಿಮ್ಮಡಿಯ ಮೇಲೆ ಎರಡು ಇಂಚು ಚರ್ಮ ಸೀಳಿತ್ತು. ನಾನು ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಒಂಬತ್ತು ಹೊಲಿಗೆ ಹಾಕಿದೆ. ಅಂಚಿಗೆ ಅಂಚು ಕೂಡಿಸಿ ಬಿಗಿಯಾಗಿ, ಚೆಂದಾಗಿ ಹಾಕಿದೆ. ಮೇಲೆ ಬಿಗಿ ಪಟ್ಟಿ ಕಟ್ಟಿ, ಐದನೇ ದಿನ ಬರಲು ಹೇಳಿ ಕಳಿಸಿದೆ. ಅವತ್ತಿನ ಹೊಲಿಗೆ ನನಗೆ ಬಹಳ ಹಿಡಿಸಿತ್ತು ಎಂದು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

ಮಂಗಳವಾರ ಬೆಳಿಗ್ಗೆ ದವಾಖಾನೆ ಮಂದಿಯಿಂದ ತುಂಬಿತ್ತು. ನೀಲವ್ವ ಒಬ್ಬಳೇ ಬಂದು ಬಾಗಿಲ ಹತ್ತಿರ ನಿಂತಳು.

“ಬಾಯಾರ, ಕೂಸು ಎರಡು ದಿನದಿಂದ ಒಂದ ಸಮ ಅಳಾಕತ್ತೈತ್ರಿ. ಬೆರಳು ಬಾತಾವ. ಕಟ್ಟು ಒಂಚೂರು ಸಡ್ಲ ಮಾಡ್ತೀರೇನ್ರಿ?”

ನಾನು ತಲೆ ಎತ್ತದೆ, “ಹುಡುಗರು ಅಳೂದ. ಐದನೇ ದಿನಕ್ಕ ಬಾ ಅಂದೇನಲ್ಲ? ಕಟ್ಟು ಮುಟ್ಟಬ್ಯಾಡ” ಎಂದೆ. ಅವಳು ಹೋದಳು. ಮನೆ ಹತ್ತು ನಿಮಿಷದ ದಾರಿ. ಹೋಗಿ ನೋಡಬಹುದಿತ್ತು, ಹೋಗಲಿಲ್ಲ.

ಗುರುವಾರ ಈರಪ್ಪ ಮಗಳನ್ನು ಎತ್ತಿಕೊಂಡು ಬಂದ, ಜೊತೆಗೆ ನೀಲವ್ವ, ಗಂಗವ್ವ. ಪಟ್ಟಿ ಬಿಚ್ಚುತ್ತಿದ್ದ ಹಾಗೆಯೇ ವಾಸನೆ ಬಂತು. ನನ್ನ ಒಂಬತ್ತು ಹೊಲಿಗೆಯೂ ಇಟ್ಟಲ್ಲೇ ಇದ್ದವು. ಅವುಗಳ ಸುತ್ತ ಬೆಳ್ಳಿ ರೂಪಾಯಿಯಷ್ಟು ಚರ್ಮ ಕಪ್ಪಾಗಿ ಸತ್ತಿತ್ತು. ಯೋಚಿಸುವ ಮೊದಲೇ ನನ್ನ ನಾಲಿಗೆ ಓಡಿತು.

“ಏನು ಮಾಡೀದಿ ಇದಕ್ಕ? ಇಕಿನ್ನ ನಡಿಸೀದೇನು? ಕಟ್ಟು ಸಡ್ಲ ಮಾಡೀದೇನು?” ಎಂದು ನೀಲವ್ವನ ಮೇಲೆ ಏರಿ ಹೋದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಇಲ್ಲರೀ” ಎಂದಳು, ಅಷ್ಟೆ.

ಗಂಗವ್ವ ಬಿಡುತ್ತಾಳೆಯೇ? “ಮೊದಲ ಕೂಸಿನ ಕಾಲು ಗಾಲ್ಯಾಗ ಕೊಟ್ಲು. ಈಗ ಕಟ್ಟನ್ನೂ ಕೆಡಿಸಿದ್ಲು ನೋಡ್ರಿ” ಎಂದು ಇಡೀ ದವಾಖಾನೆಗೆ ಕೇಳುವ ಹಾಗೆ ಹೇಳಿದಳು. ಈರಪ್ಪ ತಲೆ ತಗ್ಗಿಸಿದ. ಮಂಗಳವಾರ ಅವಳು ಬಂದಿದ್ದಳೆಂಬುದು ನನಗೆ ನೆನಪಿತ್ತು. ನಾನು ಸುಮ್ಮನಿದ್ದೆ.

ಮರುದಿನ ಮೊದಲ ಬಸ್ಸಿಗೆ ಹುಡುಗಿಯನ್ನು ಹಳಿಯಾಳ, ಧಾರವಾಡದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದೆವು. ದವಾಖಾನೆಗೆ ಬೀಗ ಹಾಕಿ ನಾನೂ ಹೋದೆ. ಅಲ್ಲಿನ ಸರ್ಜನ್ ಗಾಯ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ಹೊಲಿದವರು ಯಾರೆಂದು ಕೇಳಿದರು. ನಾನೇ ಎಂದೆ.

“ನೋಡಮ್ಮ, ಕಡ್ಡಿಗೆ ಸಿಕ್ಕ ಕಾಲು ಚಾಕು ತಾಗಿದ ಕಾಲಲ್ಲ. ಮೇಲೆ ಸೀಳಿದ್ದು ಎರಡೇ ಇಂಚು ಕಾಣ್ತದೆ, ಒಳಗೆ ಸುತ್ತಲಿನ ಚರ್ಮವೆಲ್ಲ ಅರೆದು ಹೋಗಿರ್ತದೆ. ಅದು ಬಾತುಕೊಂಡೇ ಬಾತುಕೊಳ್ತದೆ. ಬಾತುಕೊಳ್ಳಲಿಕ್ಕೆ ಜಾಗ ಬಿಡದೆ ಬಿಗಿದರೆ ರಕ್ತ ಓಡೋದಿಲ್ಲ, ಚರ್ಮ ಸಾಯ್ತದೆ. ಸಡಿಲ ಬಿಟ್ಟು, ಮರುದಿನವೇ ಬಿಚ್ಚಿ ನೋಡಬೇಕಿತ್ತು.”

“ಮಂಗಳವಾರ ಬಿಚ್ಚಿದ್ದರೆ?” ಎಂದು ಕೇಳಿದೆ.

“ಬಹಳಷ್ಟು ಉಳೀತಿತ್ತು” ಎಂದರು.

ಈಗ ಅವರಿಗಿದ್ದ ಭಯ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿನದು. ಕೊಳೆತ ಅಲ್ಲಿಗೆ ಇಳಿದರೆ ಹುಡುಗಿ ಜೀವನವಿಡೀ ಸರಿಯಾಗಿ ನಡೆಯುವಂತಿರಲಿಲ್ಲ. ಸತ್ತ ಚರ್ಮ ತೆಗೆದು, ತೊಡೆಯ ಚರ್ಮ ತಂದು ಕೂಡಿಸಿದರು. ಐದು ವಾರ ತಾಯಿ ಮಗಳು ಹುಬ್ಬಳ್ಳಿಯಲ್ಲೇ ಉಳಿದರು.

ಆ ಐದು ವಾರದಲ್ಲಿ ಈರಪ್ಪ ಎರಡು ಸಲ ನನ್ನ ಹತ್ತಿರ ಬಂದ. ಎರಡು ಸಲವೂ ನಿಜ ಹೇಳದೆ ಕಳಿಸಿದೆ. ಹೊಸ ಡಾಕ್ಟರು, ಅದರಲ್ಲೂ ಹೆಂಗಸು; ಒಮ್ಮೆ ಹೆಸರು ಕೆಟ್ಟರೆ ಯಾರು ಬಂದಾರು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಬಜಾರೆಲ್ಲ ತೀರ್ಪು ಕೊಟ್ಟಾಗಿತ್ತು: ಹೆಂಗಸು ಸೈಕಲ್ ಹೊಡೆದರೆ ಹೀಗೇ ಆಗುವುದು. ಎರಡನೇ ಸಲ ಬಂದಾಗ ಈರಪ್ಪ, ಲೇಡೀಸ್ ಸೈಕಲ್ಲನ್ನು ಮಾರಿಬಿಟ್ಟೆ ಎಂದ.

ಅವರು ಮರಳಿ ಬಂದ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಗಂಗವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಕೂರಲು ಹೇಳಿದರೂ ನಾನು ಕೂರಲಿಲ್ಲ.

“ನೋಡ್ರಿ ಗಂಗವ್ವ, ಕೂಸಿನ ಕಾಲು ಕೆಡಿಸಿದ್ದು ನಿಮ್ಮ ಸೊಸಿ ಅಲ್ಲ. ಹೊಲಿಗಿ ಬಿಗಿ ಹಾಕಿದಾಕಿ ನಾನು. ಮಂಗಳವಾರ ಇಕಿ ನನ್ನ ಕಡೆ ಓಡಿ ಬಂದಿದ್ಲು, ಕಟ್ಟು ಸಡ್ಲ ಮಾಡ್ರಿ ಅಂದ್ಲು. ನಾನ ಕೇಳ್ಲಿಲ್ಲ.”

ಗಂಗವ್ವನ ಕೈ ಮೊರದಲ್ಲೇ ನಿಂತಿತು. ಈರಪ್ಪ ಹೆಂಡತಿಯ ಕಡೆ ತಿರುಗಿ, “ನೀ ಅವತ್ತ ಯಾಕ ಹೇಳ್ಲಿಲ್ಲ?” ಎಂದ.

ನೀಲವ್ವ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ನಾ ಬಂದಿದ್ದು ಬಾಯಾರಿಗೆ ಗೊತ್ತಿತ್ತಲ್ಲ. ಅವರ ಹೇಳ್ತಾರ ಅಂದ್ಕೊಂಡೆ” ಎಂದಳು.

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಅಲ್ಲೇ ಅತ್ತುಬಿಟ್ಟೆ.

ಕಸ್ತೂರಿಯ ಕಾಲು ಉಳಿಯಿತು. ಓಡಿದಾಗ ಮಾತ್ರ ಸ್ವಲ್ಪ ಕುಂಟುತ್ತಿದ್ದಳು. ಮುಂದೆ ಮಕ್ಕಳನ್ನು ಸೈಕಲ್ ಮೇಲೆ ಒಯ್ಯುವ ಮನೆಯವರಿಗೆಲ್ಲ, ಕಾಲು ಕಡ್ಡಿಗೆ ಸಿಗದ ಹಾಗೆ ಹಿಂದಿನ ಗಾಲಿಯ ಎರಡೂ ಬದಿಗೆ ಹಳೆಯ ಫೆಲ್ಟ್ ಹೊಲಿಸಿರೆಂದು ನಾನು ಬೆನ್ನು ಹತ್ತಿದೆ. ಕೆಲಸಗಾರರ ಓಣಿಯಲ್ಲಿ ಅದನ್ನು ಹೊಲಿದುಕೊಟ್ಟವಳು ನೀಲವ್ವ. ರವಿವಾರ ಮತ್ತೆ ಸೈಕಲ್ಲುಗಳು ಗಂಟೆ ಬಾರಿಸುತ್ತ ಮೌಳಂಗಿಗೆ ಹೊರಡುತ್ತಿದ್ದವು. ನೀಲವ್ವ ಗಂಡನ ಹಿಂದೆ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದಳು. ಇನ್ನೊಂದು ಸೈಕಲ್ ತರುತ್ತೇನೆಂದು ಈರಪ್ಪ ಎಷ್ಟು ಹೇಳಿದರೂ ಒಪ್ಪಲಿಲ್ಲ. ನಾನು ದಾಂಡೇಲಿಯಲ್ಲಿದ್ದ ಉಳಿದ ಆರು ವರ್ಷದಲ್ಲಿ ಅವಳು ಹ್ಯಾಂಡಲ್ ಹಿಡಿದದ್ದನ್ನು ನಾನು ನೋಡಲಿಲ್ಲ.

ಆಮೇಲೆ ನಾನು ನೂರಾರು ಗಾಯ ಹೊಲಿದೆ. ಪ್ರತಿಯೊಂದನ್ನೂ ಮರುದಿನ ಬಿಚ್ಚಿ ನೋಡಿದೆ. ತಾಯಿ ಬಂದು ಕೂಸು ಅಳುತ್ತಿದೆ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಇಷ್ಟನ್ನು ಹುಬ್ಬಳ್ಳಿಯ ಸರ್ಜನ್ ಕಲಿಸಿದರು. ತಪ್ಪನ್ನು ಮಾತ್ರ ಮರುದಿನಕ್ಕೆ ಇಡಬಾರದು, ಆದ ಜಾಗದಲ್ಲೇ, ಇದ್ದ ಮಂದಿಯ ಎದುರೇ ಒಪ್ಪಿಕೊಳ್ಳಬೇಕು ಎಂಬುದನ್ನು ಕಲಿಸಿದವಳು ನೀಲವ್ವ. ನಾನು ಐದು ವಾರ ತಡ ಮಾಡಿದ್ದೆ. ಅಷ್ಟರಲ್ಲಿ ಅವಳ ಸೈಕಲ್ ಮಾರಾಟವಾಗಿತ್ತು.